ಹಳದಿ ಕಂಡದ್ದೆಲ್ಲ ಕಸ್ಟರ್ಡ್ ಅಲ್ಲ ಕಣ್ರೀ!

ಬೆಂಗಳೂರಿನ ಬೇಕರಿಗಳ ಗಾಜಿನ ಕಪಾಟಿನಲ್ಲಿ ಈಗೀಗ ಒಂದು ಹಳದಿ ತಿಂಡಿ ಮೆರೆಯುತ್ತಿದೆ. ಅಂಗೈ ನಡುವೆ ಕೂರುವಷ್ಟು ಪುಟ್ಟ ಮೈದಾ ಬಟ್ಟಲು, ಅದರ ತುಂಬ ಮಿರಮಿರ ಮಿಂಚುವ ಕಸ್ಟರ್ಡ್. ಒಂದು ಅಂಗಡಿಯಲ್ಲಿ ಅದರ ಹೆಸರು ಟಾರ್ಟ್, ಇನ್ನೊಂದರಲ್ಲಿ ಪೇಸ್ಟ್ರಿ, ಮತ್ತೊಂದರಲ್ಲಿ ನಾಲಿಗೆ ಹೊರಳದ ಯಾವುದೋ ಪೋರ್ಚುಗೀಸ್ ಹೆಸರು. ಮುಂದೆ ಇಂಗ್ಲಿಷ್ ಚೀಟಿ. ಅದರಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಕೊಳ್ಳುವವನಿಗೆ ಗೊತ್ತಿಲ್ಲ. ಎಷ್ಟೋ ಸಲ ಮಾರುವವನಿಗೂ ಗೊತ್ತಿಲ್ಲ. ಆದರೂ ಮೊಬೈಲ್ ತೆಗೆದು ನೋಡಿದರೆ ಅದಕ್ಕೆ ನಾಲ್ಕೂವರೆ ನಕ್ಷತ್ರ!

ಕೊಟ್ಟವರು ಯಾರು ಸ್ವಾಮಿ? ಯಾವ ನಾಲಿಗೆಯಿಂದ ಕೊಟ್ಟರು? ಫೋಟೋ ಚೆನ್ನಾಗಿ ಬಂತು ಅಂತ ಕೊಟ್ಟರೋ, ತಿಂದು ಕೊಟ್ಟರೋ?

ಕನ್ನಡದ ಹುಡುಗರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ದೋಸೆಯ ತಳ ಕೆಂಪಗಾಗದಿದ್ದರೆ ತಟ್ಟೆ ವಾಪಸ್ ತಳ್ಳುವ ಗಂಡೆದೆ ನಿಮಗಿದೆ. ಕಾಫಿಯಲ್ಲಿ ಡಿಕಾಕ್ಷನ್ ತೆಳ್ಳಗಾದರೆ ಮಾಣಿಯನ್ನು ಕರೆದು ದಬಾಯಿಸುತ್ತೀರಿ. ಯಾವ ಹೋಟೆಲಿನ ಸಾಗು ಕೆಟ್ಟಿತು, ಯಾವ ದರ್ಶಿನಿಯ ಚಟ್ನಿ ನೀರಾಯಿತು ಎಂದು ಬಸ್ ಸ್ಟಾಪಿನಲ್ಲಿ ನಿಂತು ಅರ್ಧ ಗಂಟೆ ವಾದ ಮಾಡುತ್ತೀರಿ. ಅಂಥವರು ಎ.ಸಿ. ಹಾಕಿದ ಬೇಕರಿಯ ಗಾಜಿನ ಮುಂದೆ ನಿಂತರೆ ಯಾಕೆ ಬಾಯಿ ಕಟ್ಟಿದವರ ಹಾಗೆ ಆಗುತ್ತೀರಿ? ಚಿಪ್ಪು ಹಸಿ ಹಸಿ ಇದೆ, ಒಳಗೆ ಗಂಜಿ ಇದೆ, ಎಸೆನ್ಸ್ ವಾಸನೆ ಮೂಗಿಗೆ ಬಡಿಯುತ್ತಿದೆ. ಆದರೂ ‘ಸೂಪರ್’ ಅನ್ನುತ್ತೀರಿ. ಹೆಸರು ಇಂಗ್ಲಿಷಿನಲ್ಲಿದೆ, ಆದ್ದರಿಂದ ಅದರ ಒಳ್ಳೆಯದು ಕೆಟ್ಟದ್ದು ತೀರ್ಮಾನಿಸುವ ಹಕ್ಕು ನಮಗಿಲ್ಲ ಅನ್ನುವ ಅಳುಕು ಇದು. ಬೇರೇನೂ ಅಲ್ಲ. ನೂರೈವತ್ತು ರೂಪಾಯಿ ಎಣಿಸಿ ಕೊಟ್ಟು, ಮೇಲೆ ಈ ಅಳುಕನ್ನೂ ಕಟ್ಟಿಸಿಕೊಂಡು ಮನೆಗೆ ಬರುವುದು!

ಒಂದೇ ವರ್ಷ, ಎರಡು ಹಳದಿ

ಮೊದಲು ತಿಂಡಿಯ ಜಾತಕ ತಿಳಿಯೋಣ. ತಿಳಿಯದೆ ಅಂಕ ಹಾಕಬಾರದು.

ಪೋರ್ಚುಗಲ್ ದೇಶದ ಲಿಸ್ಬನ್ ಊರಿನಲ್ಲಿ ಬೆಲೆಂ ಎಂಬ ಬಡಾವಣೆ. ಅಲ್ಲಿ ಜೆರೋನಿಮೋಸ್ ಎಂಬ ದೊಡ್ಡ ಕ್ರೈಸ್ತ ಮಠ. ಮಠದವರು ತಮ್ಮ ನಿಲುವಂಗಿಗಳಿಗೆ ಗಂಜಿ ಹಾಕಲು ಮೊಟ್ಟೆಯ ಬಿಳಿ ಬಳಸುತ್ತಿದ್ದರು, ಉಳಿದ ಹಳದಿಯಿಂದ ಸಿಹಿ ತಿಂಡಿ ಮಾಡುತ್ತಿದ್ದರು ಎಂದು ಅಲ್ಲಿನ ಜನ ಹೇಳುತ್ತಾರೆ. 1834ರಲ್ಲಿ ಆ ದೇಶದ ಸರ್ಕಾರ ಮಠಗಳನ್ನು ಮುಚ್ಚಿಸಿತು. ಹೊಟ್ಟೆಪಾಡಿಗೆ ಮಠದ ತಿಂಡಿ ಬೀದಿಗೆ ಬಂತು. 1837ರಿಂದ ಪಕ್ಕದ ಅಂಗಡಿಯೊಂದರಲ್ಲಿ ಮಾರಾಟ ಶುರುವಾಯಿತು. ಆ ಅಂಗಡಿ ಇವತ್ತಿಗೂ ಇದೆ. ‘ಬೆಲೆಂ’ ಹೆಸರು ಆ ಒಂದು ಅಂಗಡಿಯ ತಿಂಡಿಗೆ ಮಾತ್ರ. ಮಿಕ್ಕವರೆಲ್ಲ ‘ಪಾಸ್ತೆಲ್ ದ ನಾತಾ’ ಅಂತ ಮಾರಬೇಕು. ನಾತಾ ಅಂದರೆ ಕೆನೆ. ಹಾಲು, ಸಕ್ಕರೆ ಪಾಕ, ಮೊಟ್ಟೆಯ ಹಳದಿ ಕಲೆಸಿ, ಪದರ ಪದರವಾದ ಚಿಪ್ಪಿಗೆ ಸುರಿದು, ಕೆಂಡದಂಥ ಭಟ್ಟಿಗೆ ತಳ್ಳುತ್ತಾರೆ. ಮೇಲೆ ಅಲ್ಲಲ್ಲಿ ಸುಟ್ಟ ಕಪ್ಪು ಚುಕ್ಕೆ ಏಳಬೇಕು. ಬಿಸಿಬಿಸಿಯಾಗಿಯೇ, ಚಕ್ಕೆ ಪುಡಿ ಉದುರಿಸಿಕೊಂಡು ತಿನ್ನುತ್ತಾರೆ.

ಈಗ ತಮಾಷೆ ನೋಡಿ. ಅದೇ 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಇನ್ನೊಂದು ಹಳದಿ ಕಂಡುಹಿಡಿದ. ಅವನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ. ಕಸ್ಟರ್ಡಿನ ಆಸೆ ಮಾತ್ರ ಬಿಟ್ಟಿರಲಿಲ್ಲ! ಅದಕ್ಕೆ ಅವನು ಮೊಟ್ಟೆ ಇಲ್ಲದೆ ಕಾರ್ನ್‌ಫ್ಲೋರ್‌ನಿಂದ ಕಸ್ಟರ್ಡ್ ಪುಡಿ ಮಾಡಿದ. ನಮ್ಮ ಅಮ್ಮಂದಿರು ಹಾಲಿಗೆ ಕದಡಿ ಫ್ರೂಟ್ ಸಲಾಡಿಗೆ ಸುರಿಯುವುದು ಈ ವಂಶದ ಪುಡಿಯನ್ನೇ. ಹಾಲು, ಪಿಷ್ಟ, ಬಣ್ಣ, ಪರಿಮಳ. ಅಷ್ಟೇ.

ಎರಡೂ ಹಳದಿ. ಎರಡೂ ಕಸ್ಟರ್ಡ್. ಆದರೆ ಒಲೆಯ ಮೇಲೆ ಎರಡರ ಬುದ್ಧಿ ಬೇರೆ. ಬರೀ ಮೊಟ್ಟೆಯ ಕಸ್ಟರ್ಡು 80 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ಕುದಿಸಿದಿರೋ ಒಡೆದು ಚೂರು ಚೂರಾಗುತ್ತದೆ. ಪುಡಿಯ ಕಸ್ಟರ್ಡನ್ನು ಕುದಿಸಲೇಬೇಕು, ಕುದಿಸದಿದ್ದರೆ ಹಸಿ ಹಿಟ್ಟಿನ ರುಚಿ ನಾಲಿಗೆಗೆ ಮೆತ್ತಿಕೊಳ್ಳುತ್ತದೆ. ಒಂದು ಮೇಲು, ಇನ್ನೊಂದು ಕೀಳು ಅಂತ ನಾನು ಹೇಳುತ್ತಿಲ್ಲ. ಮೊಟ್ಟೆ ತಿನ್ನದ ಮನೆಗಳು ತುಂಬಿರುವ ಊರು ನಮ್ಮದು. ಇಲ್ಲಿ ಪುಡಿಯ ಕಸ್ಟರ್ಡಿಗೆ ಮರ್ಯಾದೆಯ ಜಾಗ ಇದೆ. ಒಂದನ್ನು ತೋರಿಸಿ ಇನ್ನೊಂದನ್ನು ಮಾರುವುದಕ್ಕೆ ಮಾತ್ರ ಜಾಗ ಇಲ್ಲ.

ಹಾಂಗ್‌ಕಾಂಗಿನವರನ್ನು ನೋಡಿ ಕಲಿಯಿರಿ

ಕಸ್ಟರ್ಡ್ ಬಟ್ಟಲು ನಮ್ಮ ಏಷ್ಯಾಕ್ಕೂ ಬಂತು. ಹಾಂಗ್‌ಕಾಂಗ್ ನಮ್ಮ ಹಾಗೆಯೇ ಇಂಗ್ಲಿಷರ ಕೈಕೆಳಗಿದ್ದ ಊರು. ಅಲ್ಲಿನ ಜನ ಅದನ್ನು ಏನು ಮಾಡಿದರು ಗೊತ್ತೆ? ‘ದಾನ್ ತಾತ್’ ಎಂದು ಕರೆದರು. ದಾನ್ ಅಂದರೆ ಮೊಟ್ಟೆ, ತಾತ್ ಅನ್ನುವುದು ಟಾರ್ಟ್ ಎಂಬ ಸದ್ದನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡದ್ದು. ತಮ್ಮ ಲಿಪಿಯಲ್ಲಿ ಬರೆದು, ಬೇಕರಿಯ ಚೀಟಿಯ ಮೇಲೆ ಅಂಟಿಸಿದರು. ಮುಗಿಯಿತು, ತಿಂಡಿ ಅವರದಾಯಿತು! ಲಿಸ್ಬನ್ನಿನ ಕಪ್ಪು ಚುಕ್ಕೆ ಅವರಿಗೆ ಬೇಡ, ಕನ್ನಡಿಯಂತೆ ನುಣ್ಣಗಿರಬೇಕು. ಚಿಪ್ಪು ಬಿಸ್ಕತ್ತಿನ ಹಾಗಿರಬೇಕೋ, ಪದರ ಪದರವಾಗಿರಬೇಕೋ ಎಂದು ಅಲ್ಲಿ ಇವತ್ತಿಗೂ ಎರಡು ಪಂಗಡ.

ಅಲ್ಲಿನ ಕೊನೆಯ ಬ್ರಿಟಿಷ್ ಗವರ್ನರ್ ಕ್ರಿಸ್ ಪ್ಯಾಟನ್ ಒಂದು ಬೀದಿ ಬೇಕರಿಯ ದಾನ್ ತಾತಿಗೆ ಮರುಳಾಗಿದ್ದ. ತಾಯ್ ಚಿಯಾಂಗ್ ಎಂಬ ಆ ಬೇಕರಿ ಬಾಡಿಗೆ ಏರಿಕೆ ತಾಳಲಾರದೆ 2005ರಲ್ಲಿ ಹಳೆಯ ಮಳಿಗೆ ಮುಚ್ಚಿದಾಗ ಊರೇ ಮರುಗಿತು. ಆಮೇಲೆ ಮತ್ತೆ ತೆರೆಯಿತು. 2014ರಲ್ಲಿ ಅಲ್ಲಿನ ಸರ್ಕಾರ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿ ಪ್ರಕಟಿಸಿದಾಗ ಅದರಲ್ಲಿ ದಾನ್ ತಾತ್ ಮಾಡುವ ಕೈಚಳಕವೂ ಸೇರಿತ್ತು. ಒಂದು ಬೇಕರಿ ತಿಂಡಿ ರೀ! ಪಕ್ಕದ ಮಕಾವಿನಲ್ಲಂತೂ ಆಂಡ್ರ್ಯೂ ಸ್ಟೋ ಎಂಬ ಇಂಗ್ಲಿಷಿನವನು 1989ರಲ್ಲಿ ಬೇಕರಿ ತೆರೆದು ಲಿಸ್ಬನ್ ತಿಂಡಿಯನ್ನು ತನ್ನದೇ ರೀತಿಯಲ್ಲಿ ಮಾಡಿದ. ಈಗ ಅದು ಊರಿನ ಗುರುತೇ ಆಗಿದೆ.

ನಾವೇನು ಕಡಿಮೆ? ನಮ್ಮ ಹಿರಿಯರು ಇದೇ ಕೆಲಸವನ್ನು ಯಾವಾಗಲೋ ಮಾಡಿದ್ದಾರೆ. 1898ರಲ್ಲಿ ಚಿಕ್ಕಪೇಟೆಯಲ್ಲಿ ಎಚ್.ಎಸ್. ತಿರುಮಲಾಚಾರ್ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ಹಾಸನ ಸೀಮೆಯಿಂದ ಬಂದ ಅಯ್ಯಂಗಾರರು ಇಂಗ್ಲಿಷರ ಬ್ರೆಡ್ಡನ್ನು ತೆಗೆದುಕೊಂಡರು, ಮೊಟ್ಟೆ ಬಿಟ್ಟರು, ಹಸಿಮೆಣಸು, ಕೊತ್ತಂಬರಿ, ಈರುಳ್ಳಿ ಹಾಕಿ ಖಾರ ಬನ್ನು ಮಾಡಿದರು. ಆಲೂಗಡ್ಡೆ ಪಲ್ಯ ತುಂಬಿದರು. ಕೊಬ್ಬರಿ ಸಕ್ಕರೆ ತುಂಬಿ ದಿಲ್‌ಪಸಂದ್ ಮಾಡಿದರು. ಬನ್ನು, ಬ್ರೆಡ್ಡು, ರಸ್ಕು, ಕೇಕು! ಒಂದೊಂದು ಪದದ ಬಾಲಕ್ಕೂ ಒಂದು ‘ಉ’ಕಾರ ಅಂಟಿಸಿ ಕನ್ನಡ ಮಾಡಿಬಿಟ್ಟರು. ಯಾವ ಪಂಡಿತರ ಸಮಿತಿಯೂ ಕೂರಲಿಲ್ಲ, ಯಾವ ಆದೇಶವೂ ಹೊರಡಲಿಲ್ಲ. ಖಾರ ಬನ್ನು ಚೆನ್ನಾಗಿದೆ ಎಂದು ಯಾವ ಹೊರಗಿನವನೂ ಬಂದು ನಮಗೆ ಸರ್ಟಿಫಿಕೇಟು ಕೊಡಬೇಕಾಗಿರಲಿಲ್ಲ.

ಹಾಗಾದರೆ ಕಸ್ಟರ್ಡು ಬಂದಾಗ ಮಾತ್ರ ಯಾಕೆ ಕೈಕಟ್ಟಿ ನಿಂತೆವು?

ಐದು ಅಂಗಡಿ, ಹತ್ತು ಅಂಕ

ಸುಮ್ಮನೆ ಬೈದರೆ ಸಾಲದು ಅಂತ ನಾವು ನಾಲ್ಕು ಮಂದಿ ಗೆಳೆಯರು ಒಂದು ಭಾನುವಾರ ಹೊರಟೆವು. ಐದು ಅಂಗಡಿ. ಹೆಸರು ಹಾಕುವುದಿಲ್ಲ, ನಮ್ಮ ಜಗಳ ಒಬ್ಬ ಅಂಗಡಿಯವನ ಮೇಲಲ್ಲ. ನಿಯಮ ಮೊದಲೇ ಮಾಡಿಕೊಂಡಿದ್ದೆವು. ಚಿಪ್ಪಿಗೆ ನಾಲ್ಕು ಅಂಕ, ಒಡಲಿಗೆ ನಾಲ್ಕು, ಮಾತಿಗೆ ಎರಡು. ಮಾತು ಅಂದರೆ: ಏನು ಹಾಕಿದ್ದಾರೆ ಅಂತ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಸರಿಯಾದ ಉತ್ತರ ಸಿಗಬೇಕು.

ಚಿಪ್ಪನ್ನು ನೋಡುವ ಬಗೆ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಮೊದಲು ತಲೆಕೆಳಗು ಮಾಡಿ ತಳ ನೋಡಿ. ತಳ ಬಿಳಿಚಿಕೊಂಡಿದ್ದರೆ ಬೆಂದಿಲ್ಲ, ಅರ್ಧ ಅಂಕ ಅಲ್ಲೇ ಹೋಯಿತು. ಆಮೇಲೆ ಮುರಿಯಿರಿ, ಕಿವಿ ಕೊಡಿ. ಗರಿ ಅನ್ನಬೇಕು. ಬಾಯಲ್ಲಿ ಇಟ್ಟರೆ ಕರಗಬೇಕು. ಬೆಣ್ಣೆ ಬಾಯಿಯ ಬಿಸಿಗೇ ಕರಗುತ್ತದೆ; ಗಟ್ಟಿ ವನಸ್ಪತಿ ಪೂರ್ತಿ ಕರಗುವುದಿಲ್ಲ, ಅಂಗಳಕ್ಕೆ ಮೇಣದ ಹಾಗೆ ಹತ್ತಿಕೊಳ್ಳುತ್ತದೆ. ನಾಲಿಗೆಯಿಂದ ಸವರಿ ನೋಡಿ, ಯಾವ ಜಾಹೀರಾತೂ ನಿಮ್ಮನ್ನು ಮೋಸ ಮಾಡಲಾರದು. ಇನ್ನು ಒಡಲು. ಬಟ್ಟಲು ಅಲ್ಲಾಡಿಸಿದರೆ ಕಸ್ಟರ್ಡು ನಡುಗಬೇಕು, ಹರಿಯಬಾರದು. ಬೆರಳಿಗೆ ಗೋಂದಿನಂತೆ ಅಂಟಿದರೆ ಪುಡಿ ಜಾಸ್ತಿ. ಬಾಯಿಗೆ ಹೋಗುವ ಮುಂಚೆಯೇ ಮೂಗಿಗೆ ವೆನಿಲ್ಲಾ ಬಡಿದರೆ, ಏನನ್ನೋ ಮುಚ್ಚಿಡುತ್ತಿದ್ದಾರೆ.

ಮೊದಲ ಅಂಗಡಿ ಊರಿನ ಪೂರ್ವ ದಿಕ್ಕಿನ ಒಂದು ಕೆಫೆ. ಒಂದಕ್ಕೆ 180 ರೂಪಾಯಿ! ಬೈಯಬೇಕೆಂದೇ ಹೋಗಿದ್ದೆವು, ಬೈಯಲು ಬಿಡಲಿಲ್ಲ ಆ ಚಿಪ್ಪು. ಹುರಿಗಡಲೆ ಮುರಿದ ಸದ್ದು, ಎಲೆ ಎಲೆಯಾಗಿ ಬಿಟ್ಟುಕೊಂಡಿತು. ಬೆಣ್ಣೆಯ ಘಮ. ನಾಲ್ಕಕ್ಕೆ ನಾಲ್ಕು ಕೊಟ್ಟೆವು, ಇರುವುದನ್ನು ಇದೆ ಅನ್ನಬೇಕು. ಒಡಲಿಗೆ ಮೂರು, ಫ್ರಿಜ್ಜಿನಿಂದ ತೆಗೆದು ತಣ್ಣಗೆ ಕೊಟ್ಟದ್ದರಿಂದ ಒಂದು ಕಳೆದೆವು. ಮಾತಿಗೆ ಸೊನ್ನೆ. ‘ಇದರಲ್ಲಿ ಮೊಟ್ಟೆ ಇದೆಯಾ?’ ಎಂದು ಕನ್ನಡದಲ್ಲಿ ಮೂರು ಸಲ ಕೇಳಿದೆವು, ಮೂರು ಸಲವೂ ಇಂಗ್ಲಿಷಿನಲ್ಲಿ ಬೆಲೆ ಹೇಳಿದರು. ಒಟ್ಟು ಏಳು.

ಎರಡನೆಯದು ಮಾಲ್ ಒಳಗಿನ ಥಳಕಿನ ಅಂಗಡಿ. ಚೀಟಿಯಲ್ಲಿ ‘ಎಗ್ ಟಾರ್ಟ್’ ಅಂತಿದೆ. ಚಿಪ್ಪು ತಣ್ಣಗೆ, ಬಿಳಿಚಿಕೊಂಡಿದೆ. ಒಡಲು ಅಪ್ಪಟ ಪುಡಿ ಕಸ್ಟರ್ಡು, ಮೇಲೆ ಹೊಳಪಿಗೆ ಜೆಲ್ಲಿ ಬಳಿದಿದ್ದಾರೆ. ಮ್ಯಾನೇಜರನ್ನು ಕರೆಸಿ ಕೇಳಿದೆವು. ‘ಎಗ್‌ಲೆಸ್ ಸಾರ್’ ಅಂದ! ಮೊಟ್ಟೆಯ ಟಾರ್ಟಿನಲ್ಲಿ ಮೊಟ್ಟೆ ಇಲ್ಲ! ಮೊಟ್ಟೆ ತಿನ್ನುವವನಿಗೂ ಮೋಸ, ತಿನ್ನದವನಿಗೂ ಗಾಬರಿ. ಹತ್ತಕ್ಕೆ ಒಂದೂವರೆ. ಆ ಒಂದೂವರೆಯೂ ಸಕ್ಕರೆ ಹಿತವಾಗಿತ್ತು ಅಂತ.

ಮೂರನೆಯದು ವಿಜಯನಗರದ ಕಡೆ, ಅಪ್ಪಟ ಕನ್ನಡದವರ ಅಂಗಡಿ. ಬೋರ್ಡಿನ ಮೇಲೆ ಭುವನೇಶ್ವರಿ, ಗಲ್ಲಾದ ಮೇಲೆ ಹಳದಿ ಕೆಂಪು ಬಾವುಟ. ಪಫ್ಸಿನ ಚಿಪ್ಪಿಗೆ ಕಸ್ಟರ್ಡ್ ಸುರಿದು, ಮೇಲೆ ಚೆರ್ರಿ ಇಟ್ಟಿದ್ದರು. ಬೆಳಿಗ್ಗೆ ತುಂಬಿಟ್ಟದ್ದು, ಸಂಜೆ ಹೊತ್ತಿಗೆ ಚಿಪ್ಪು ನೆನೆದು ಒದ್ದೆ ಬಟ್ಟೆಯಂತಾಗಿತ್ತು. ಮಾತಿಗೆ ಪೂರ್ತಿ ಎರಡು, ಚಿಪ್ಪಿಗೆ ಅರ್ಧ, ಒಡಲಿಗೆ ಒಂದೂವರೆ. ನಾಲ್ಕು. ಬಾವುಟ ಇದೆ ಅಂತ ಅಂಕ ಹೆಚ್ಚಿಗೆ ಕೊಡಲಿಲ್ಲ. ಕೊಡಬಾರದು ಕೂಡ. ಬಾವುಟ ತೋರಿಸಿ ನೆನೆದ ಪಫ್ಸು ಮಾರುವವನು ಬಾವುಟಕ್ಕೂ ಅವಮಾನ ಮಾಡುತ್ತಾನೆ. ಬಡಿಸುವಾಗ ತುಂಬಿದರೆ ಸಾಕು ಅಣ್ಣಾ, ಅರ್ಧ ನಿಮಿಷದ ಕೆಲಸ!

ನಾಲ್ಕನೆಯದು ದಂಡುಪ್ರದೇಶದ ಒಂದು ಹಳೆಯ ಬೇಕರಿ. ಮೊಟ್ಟೆ ಹಾಕುತ್ತಾರೆ, ಹಾಕುತ್ತೇವೆ ಅಂತ ಎದುರಿಗೇ ಹೇಳುತ್ತಾರೆ. ಯಜಮಾನರ ಮನೆಮಾತು ಉರ್ದು, ನಮ್ಮೊಡನೆ ಆಡಿದ್ದು ನೀರು ಕುಡಿದಂಥ ಕನ್ನಡ. ಚಿಪ್ಪು ಬಿಸ್ಕತ್ತಿನಂಥದು, ಒಂಚೂರು ದಪ್ಪ. ಒಡಲಲ್ಲಿ ಏಲಕ್ಕಿ! ಚಕ್ಕೆಯ ಬದಲು ಏಲಕ್ಕಿ ಹಾಕುವ ಧೈರ್ಯ ಮಾಡಿದ ಆ ಕೈಗೆ ನಮಸ್ಕಾರ. ಏಳೂವರೆ.

ಐದನೆಯದು ಬಸವನಗುಡಿ ಹತ್ತಿರದ ಸಣ್ಣ ಬೇಕರಿ. ಟಾರ್ಟು ಅಲ್ಲ, ಕಸ್ಟರ್ಡ್ ಬನ್ನು. 25 ರೂಪಾಯಿ. ಮಾಡುವವರೇ ಗಲ್ಲಾದಲ್ಲಿ ಕೂತಿದ್ದರು. ‘ಮೊಟ್ಟೆ ಇಲ್ಲ, ಪುಡಿ ಕಸ್ಟರ್ಡು, ನಂದಿನಿ ಹಾಲಲ್ಲಿ ಹದಿನೈದು ನಿಮಿಷ ಕೈ ಬಿಡದೆ ತಿರುಗ್ಸೀನಿ, ಅಡಿ ಹಿಡೀಬಾರ್ದು ನೋಡಿ’ ಅಂದರು. ತಿಂದೆವು. ಹಸಿ ವಾಸನೆ ಇಲ್ಲ, ಗಂಟಿಲ್ಲ, ಸಕ್ಕರೆ ಮೇಲೆ ಬೀಳಲಿಲ್ಲ. ಬನ್ನು ಮೆತ್ತಗೆ, ಮೇಲೆ ಕೆಂಪು. ಎಂಟು. ಪುಡಿ ಕಸ್ಟರ್ಡಿಗೂ ಎಂಟು ಬರುತ್ತದೆ ಅಂತ ನಾಲ್ವರಲ್ಲಿ ಒಬ್ಬರೂ ಊಹಿಸಿರಲಿಲ್ಲ. ಆದರೆ ಮೊಬೈಲಿನ ಪಟ್ಟಿಯಲ್ಲಿ ಆ ಅಂಗಡಿಯೇ ಇಲ್ಲ!

ಗರಿಗರಿ, ಹದ, ಘಮ, ಹಸಿ, ಗಂಟು, ಅಡಿ ಹಿಡಿಯುವುದು, ಮೇಣ ಹತ್ತುವುದು... ಇಷ್ಟು ಹೊತ್ತು ನಾವು ಬಳಸಿದ ಮಾತುಗಳನ್ನು ನೋಡಿ. ಯಾವುದಾದರೂ ಎರವಲು ತಂದೆವಾ? ಎಲ್ಲ ಅಮ್ಮನ ಅಡುಗೆಮನೆಯ ಮಾತು. ಇಷ್ಟು ಸೂಕ್ಷ್ಮವಾಗಿ ಹೇಳಬಲ್ಲ ಭಾಷೆಯನ್ನು ಬಾಯಲ್ಲಿಟ್ಟುಕೊಂಡು, ಬೆರಳಿನಿಂದ ಐದು ನಕ್ಷತ್ರ ಒತ್ತಿ ಸುಮ್ಮನಾಗುವುದಕ್ಕೆ ನಾಚಿಕೆಯಾಗಬೇಡವೇ? ನಕ್ಷತ್ರ ನೋಡಿದರೆ ಬೇಕರಿಯವನಿಗೆ ತನ್ನ ತಪ್ಪು ತಿಳಿಯುವುದಿಲ್ಲ. ‘ತಳ ಬೆಂದಿಲ್ಲ ಅಣ್ಣಾ’ ಅಂದರೆ ನಾಳೆ ಎರಡು ನಿಮಿಷ ಹೆಚ್ಚಿಗೆ ಬೇಯಿಸುತ್ತಾನೆ.

ಬೋರ್ಡು ಕನ್ನಡ, ಚೀಟಿ?

2024ರ ತಿದ್ದುಪಡಿ ಕಾನೂನಿನಿಂದ ಅಂಗಡಿಗಳ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡ ಕಡ್ಡಾಯವಾಗಿದೆ. ಅದಕ್ಕಾಗಿ ಬೀದಿಗಿಳಿದವರು, ಜೈಲಿಗೆ ಹೋದವರು ನಮ್ಮ ನಡುವೆಯೇ ಇದ್ದಾರೆ. ಸರಿ, ಬೋರ್ಡು ಕನ್ನಡವಾಯಿತು. ಬಾಗಿಲು ದಾಟಿ ಒಳಗೆ ಹೋಗಿ. ಗಾಜಿನ ಕಪಾಟಿನಲ್ಲಿ ಇಪ್ಪತ್ತು ಚೀಟಿ, ಇಪ್ಪತ್ತೂ ಇಂಗ್ಲಿಷ್!

ಇದು ಬರೀ ಅಭಿಮಾನದ ಪ್ರಶ್ನೆ ಅಂದುಕೊಳ್ಳಬೇಡಿ. ಕನ್ನಡ ಮಾತ್ರ ಓದಬಲ್ಲ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಬೇಕರಿಗೆ ಬರುತ್ತಾಳೆ. ಆಕೆ ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವಳಲ್ಲ. ಮೊಮ್ಮಗ ಹಳದಿ ಬಟ್ಟಲು ತೋರಿಸುತ್ತಾನೆ, ಆಕೆ ಎರಡು ಕೊಳ್ಳುತ್ತಾಳೆ. ಒಂದು ತಾನೂ ತಿನ್ನುತ್ತಾಳೆ. ಆಕೆಗೆ ಯಾರು ಹೇಳಬೇಕು? ಇನ್ನೊಂದು ಮನೆಯಲ್ಲಿ ಮಗುವಿಗೆ ಮೊಟ್ಟೆ ಆಗುವುದಿಲ್ಲ, ತಿಂದರೆ ಮೈಯೆಲ್ಲ ದದ್ದು. ಬರ್ಡ್ ಸಾಹೇಬನ ಹೆಂಡತಿಗಾದರೆ ಗಂಡ ಪುಡಿ ಮಾಡಿಕೊಟ್ಟ. ನಮ್ಮವರಿಗೆ ಒಂದು ಚೀಟಿ ಬರೆದುಕೊಡಲು ಯಾರಿಗೂ ಪುರಸೊತ್ತಿಲ್ಲ!

ಪೊಟ್ಟಣದ ತಿಂಡಿಯ ಕಥೆ ಇನ್ನೂ ಚೆಂದ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇರಬೇಕು. ಬೇರೆ ಭಾಷೆ? ಬೇಕಾದರೆ ಜೊತೆಗೆ ಹಾಕಿಕೊಳ್ಳಿ. ನಮ್ಮ ಊರಿನ ತಿಂಡಿಯ ಮೇಲೆ ನಮ್ಮ ಭಾಷೆ ‘ಬೇಕಾದರೆ’! ಇದೇ ಪ್ರಾಧಿಕಾರ 2023ರ ಮಾರ್ಚಿನಲ್ಲಿ ನಂದಿನಿ ಮೊಸರಿನ ಪೊಟ್ಟಣಕ್ಕೆ ‘ದಹಿ’ ಎಂಬ ಹೆಸರು ತುರುಕಲು ಹೊರಟಿದ್ದು ಮರೆತಿಲ್ಲ ತಾನೆ? ಕರ್ನಾಟಕ, ತಮಿಳುನಾಡು ಎರಡೂ ಕಡೆ ಜನ ಉಗಿದ ಮೇಲೆ ಅದೇ ತಿಂಗಳು 30ರಂದು ಹಿಂದೆ ಸರಿಯಿತು. ಬಾಯಿಬಿಟ್ಟು ಕೇಳಿದ್ದಕ್ಕೆ ಮೊಸರು ಮೊಸರಾಗಿ ಉಳಿಯಿತು.

ಗಾಜಿನ ಕಪಾಟಿನ ಚೀಟಿಗೆ ದೆಹಲಿಯವರೆಗೆ ಹೋಗಬೇಕಿಲ್ಲ. ಕನ್ನಡದಲ್ಲಿ ಬರೆಯಬೇಡಿ ಎಂದು ಯಾವ ಕಾನೂನೂ ಹೇಳಿಲ್ಲ. ಒಂದು ರಟ್ಟು, ಒಂದು ಸ್ಕೆಚ್ ಪೆನ್ನು. ಕೌಂಟರಿನಲ್ಲಿ ನಿಂತ ಹುಡುಗನ ಮೇಲೆ ಎಗರಬೇಡಿ ಮತ್ತೆ. ಅವನು ದೂರದ ಊರಿನಿಂದ ಹೊಟ್ಟೆಪಾಡಿಗೆ ಬಂದವನು, ನೀವು ಕನ್ನಡದಲ್ಲಿ ಕೇಳಿದರೆ ಮೂರು ತಿಂಗಳಲ್ಲಿ ಕಲಿಯುತ್ತಾನೆ. ಕೇಳಬೇಕಾದ್ದು ಯಜಮಾನನನ್ನು. ಅದಕ್ಕಿಂತ ಮೊದಲು ನಮ್ಮನ್ನು ನಾವು. ಕನ್ನಡದಲ್ಲಿ ಕೇಳಬಲ್ಲವರು ನಾವೇ ಅವನ ಮುಂದೆ ‘ಹೌ ಮಚ್’ ಅಂತ ನಿಲ್ಲುತ್ತೇವಲ್ಲ!

ಸಣ್ಣ ಬೇಕರಿಯವರ ಕಷ್ಟವೂ ಗೊತ್ತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದುಕೊಂಡು ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳಿಸಿದಾಗ ಬೇಕರಿ, ಕಾಂಡಿಮೆಂಟ್ಸ್‌ನವರು ಹಾಲು, ಟೀ, ಕಾಫಿ ಮಾರಾಟ ನಿಲ್ಲಿಸಿ ಪ್ರತಿಭಟಿಸಿದ್ದನ್ನು ಊರೇ ನೋಡಿತು. ಬಾಡಿಗೆ, ಬೆಣ್ಣೆಯ ಬೆಲೆ, ಭಟ್ಟಿ ಮುಂದೆ ನಿಲ್ಲಲು ಒಲ್ಲೆ ಅನ್ನುವ ಮಕ್ಕಳು. ಇಂಥವರ ಮೇಲೆ ದಂಡ ಹಾಕಿ ಎಂದು ನಾವು ಕೇಳುತ್ತಿಲ್ಲ. ಗಿರಾಕಿಯಾಗಿ ಹೋಗಿ ಎನ್ನುತ್ತಿದ್ದೇವೆ. ಕೊಳ್ಳಿ, ತಳ ನೋಡಿ, ತಿನ್ನಿ, ಚೆನ್ನಾಗಿದ್ದರೆ ಹೊಗಳಿ, ಇಲ್ಲದಿದ್ದರೆ ಯಾಕಿಲ್ಲ ಅಂತ ಬಾಯಿಬಿಟ್ಟು ಹೇಳಿ, ಹೆಸರೇನು ಮೊಟ್ಟೆ ಇದೆಯಾ ಎಂದು ಕನ್ನಡದಲ್ಲಿ ಕೇಳಿ. ಒಂದೇ ಬಡಾವಣೆಯ ಹತ್ತು ಹುಡುಗರು ಒಂದೇ ವಾರ ಕೇಳಿದರೆ ಚೀಟಿ ತಾನಾಗಿ ಬದಲಾಗುತ್ತದೆ.

ಬಸವನಗುಡಿಯ ಆ ಬೇಕರಿಯಲ್ಲೂ ಚೀಟಿ ಇರಲಿಲ್ಲ. ‘ಯಾಕೆ ಸಾರ್ ಬರೆದಿಲ್ಲ?’ ಅಂದೆವು. ‘ಎಲ್ರಿಗೂ ಗೊತ್ತಲ್ಲಪ್ಪ’ ಅಂದರು. ಮಾರನೆಯ ವಾರ ಹೋದಾಗ ಸ್ವೀಟ್ ಬಾಕ್ಸಿನ ರಟ್ಟು ಕತ್ತರಿಸಿ, ನೀಲಿ ಶಾಯಿಯಲ್ಲಿ ಬರೆದು ನಿಲ್ಲಿಸಿದ್ದರು: ‘ಕಸ್ಟರ್ಡ್ ಬನ್ನು. ಮೊಟ್ಟೆ ಇಲ್ಲ. 25 ರೂ.’ ಸಂಜೆ ನಾಲ್ಕೂವರೆಗೆ ಟ್ರೇ ಇಳಿಯುತ್ತದೆ. ಆರರ ಮೇಲೆ ಹೋದರೆ ಸಿಗುವುದಿಲ್ಲ.